ಎರಡು ಡಿಸ್ಕ್ ಜೋಡಿಸಿದರೆ ಎಡಿಟಿಂಗ್ ಸಲೀಸಾಗುತ್ತದೆಯೇ?

ಪ್ರಶ್ನೆ: ನಮ್ಮದು ಮದುವೆ ವಿಡಿಯೋ ಸ್ಟುಡಿಯೋ. ಮೂರು ಕ್ಯಾಮೆರಾದ 4ಕೆ ಕ್ಲಿಪ್‌ಗಳನ್ನು ಒಟ್ಟಿಗೆ ಹಾಕಿ ಎಡಿಟ್ ಮಾಡುವಾಗ ವಿಡಿಯೋ ತಡೆತಡೆದು ಓಡುತ್ತದೆ. ಎಲ್ಲವೂ ಒಂದೇ 4 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿದೆ. ಅಂಥದ್ದೇ ಇನ್ನೊಂದು ತಂದು ಸ್ಟ್ರೈಪಿಂಗ್ (ಎರಡು ಡಿಸ್ಕ್ ಜೋಡಿಸಿ ಒಂದರಂತೆ ಬಳಸುವುದು) ಮಾಡಿಸಿ ಎನ್ನುತ್ತಾರೆ ಅಂಗಡಿಯವರು. ಮಾಡಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ದುಡ್ಡು ಹಾಕುವ ಮೊದಲು ತೊಡಕು ಎಲ್ಲಿದೆ ನೋಡಿ. ಕ್ಲಿಪ್‌ಗಳು ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ತೆರೆಯಿರಿ. ಡಿಸ್ಕ್ ಶೇ. 100 ಮುಟ್ಟಿ ಸಿಪಿಯು ಆರಾಮಾಗಿದ್ದರೆ ತೊಡಕು ಡಿಸ್ಕಿನದು. ಸಿಪಿಯು ಏದುಸಿರು ಬಿಡುತ್ತಿದ್ದರೆ ಸ್ಟ್ರೈಪಿಂಗ್‌ನಿಂದ ಏನೂ ಪ್ರಯೋಜನವಿಲ್ಲ. ಕ್ಯಾಮೆರಾದಿಂದ ನೇರ ಬಂದ ಎಚ್.265 ಫೈಲ್‌ಗಳಲ್ಲಿ (ಬಹಳ ಕುಗ್ಗಿಸಿದ ವಿಡಿಯೋ, ಬಿಡಿಸಲು ಸಿಪಿಯು ದುಡಿಯಬೇಕು) ಹೆಚ್ಚಾಗಿ ಆಗುವುದು ಇದೇ. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಕ್ಲಿಪ್ ಡಿಸ್ಕಿನಿಂದ ಸೆಕೆಂಡಿಗೆ ಕೇಳುವುದು 12.5 ಎಂಬಿ (ಮೆಗಾಬೈಟ್) ಮಾತ್ರ. ಮೂರೂ ಸೇರಿ 40 ದಾಟುವುದಿಲ್ಲ. ಸಿಪಿಯು ತೊಡಕಿಗೆ ಮದ್ದು ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆಂದೇ ಮಾಡಿಕೊಳ್ಳುವ ಹಗುರವಾದ ನಕಲು ಫೈಲ್.

ಕ್ಲಿಪ್‌ಗಳನ್ನು ಪ್ರೋರೆಸ್ 422ಗೆ (ಕಡಿಮೆ ಕುಗ್ಗಿಸುವ, ದೊಡ್ಡ ಫೈಲಿನ ಎಡಿಟಿಂಗ್ ಮಾದರಿ) ಬದಲಿಸಿಕೊಂಡು ಎಡಿಟ್ ಮಾಡುತ್ತಿದ್ದರೆ ಲೆಕ್ಕವೇ ಬೇರೆ. 4ಕೆ, 25 ಫ್ರೇಮ್‌ನ ಒಂದು ಕ್ಲಿಪ್ಪಿಗೆ ಸೆಕೆಂಡಿಗೆ ಸುಮಾರು 60 ಎಂಬಿ, ಮೂರಕ್ಕೆ 180. 7200 ಆರ್‌ಪಿಎಂ ಡಿಸ್ಕ್ ಒಂದೇ ಫೈಲನ್ನು ಸಾಲಾಗಿ ಓದಿದರೂ ಕೊಡುವುದು 150–200 ಎಂಬಿ. ಮೂರು ಫೈಲ್‌ಗಳ ನಡುವೆ ಡಿಸ್ಕ್ ಓದುವ ಹೆಡ್ ಓಡಾಡತೊಡಗಿದರೆ ಅದೂ ಇಳಿಯುತ್ತದೆ. ಸ್ಟ್ರೈಪಿಂಗ್ ಸಾರ್ಥಕವಾಗುವುದು ಇಲ್ಲಿ: ಫೈಲ್ ತುಂಡುತುಂಡಾಗಿ ಸರದಿಯಂತೆ ಎರಡೂ ಡಿಸ್ಕ್‌ಗಳಲ್ಲಿ ಕೂರುತ್ತದೆ, ಎರಡೂ ಒಟ್ಟಿಗೆ ಓದುತ್ತವೆ, ದೊಡ್ಡ ಫೈಲ್‌ಗಳ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಸಣ್ಣಪುಟ್ಟ ಫೈಲ್ ತೆರೆಯುವಾಗ ಈ ಲಾಭ ಕಾಣದು. ಹೆಡ್ ಜಾಗ ಹುಡುಕುವ ಹೊತ್ತು ಇದರಿಂದ ಕಡಿಮೆಯಾಗುವುದಿಲ್ಲ.

ಆದರೆ ಒಂದು ಡಿಸ್ಕ್ ಕೆಟ್ಟರೆ ಎರಡರಲ್ಲಿದ್ದದ್ದೂ ಹೋಯಿತು. ಧಾರೆಯನ್ನು ಇನ್ನೊಮ್ಮೆ ಶೂಟ್ ಮಾಡಲಾಗುತ್ತದೆಯೇ? ಮೂಲ ಫೂಟೇಜ್ ಬೇರೆ ಎರಡು ಡಿಸ್ಕ್‌ಗಳಲ್ಲಿ ಇರಲೇಬೇಕು, ಒಂದು ಸ್ಟುಡಿಯೋದಿಂದ ಹೊರಗೆ. ಅಲ್ಲಿಯವರೆಗೆ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಕಂಪ್ಯೂಟರಿನಲ್ಲಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಬಗೆ) ಹಿಡಿಸುವ ಎಂ.2 ಸ್ಲಾಟ್ (ಮದರ್‌ಬೋರ್ಡಿನಲ್ಲಿ ಅದನ್ನು ಕೂರಿಸುವ ಜಾಗ) ಇದ್ದರೆ ಸ್ಟ್ರೈಪಿಂಗ್ ಬಿಟ್ಟು ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿ ಎಂದೇ ನಮ್ಮ ಸಲಹೆ. ಸಾಧಾರಣದ್ದೂ ಸೆಕೆಂಡಿಗೆ 1,500 ಎಂಬಿ ಮೀರುತ್ತದೆ, ಹೆಡ್ಡಿನ ಓಡಾಟವೂ ಇಲ್ಲ. ಸದ್ಯದ ಕೆಲಸ ಅದರಲ್ಲಿ, ಮುಗಿದದ್ದು ಹಾರ್ಡ್‌ಡಿಸ್ಕಿಗೆ.

ಸ್ಲಾಟ್ ಇಲ್ಲದಿದ್ದರೆ, ಇಲ್ಲವೇ ಕೆಲಸದ ಫೈಲ್‌ಗಳು ಎಸ್‌ಎಸ್‌ಡಿಯಲ್ಲಿ ಹಿಡಿಯದಿದ್ದರೆ ಸ್ಟ್ರೈಪಿಂಗ್ ಸರಿ. ಈಗಿನ ಡಿಸ್ಕಿನಲ್ಲಿರುವುದೆಲ್ಲ ಅಳಿಸುತ್ತದೆ, ಮೊದಲೇ ನಕಲು ಮಾಡಿಕೊಳ್ಳಿ. ಎರಡನ್ನೂ ಸಾಟಾ ಪೋರ್ಟಿಗೆ ಹಾಕಿ, ಹಳೆಯ ವಾಲ್ಯೂಮ್ ಅಳಿಸಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ನ್ಯೂ ಸ್ಟ್ರೈಪ್ಡ್ ವಾಲ್ಯೂಮ್’ ಆರಿಸಿ. ಹೊಸದು 2 ಟಿಬಿಯದಾದರೆ ಸಿಗುವ ಜಾಗ 4 ಟಿಬಿ ಅಷ್ಟೆ. ದೊಡ್ಡ ಡಿಸ್ಕಿನ ಉಳಿದರ್ಧ ಸ್ಟ್ರೈಪಿನಿಂದ ಹೊರಗುಳಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿಬರುವ ಕಡೆ ಯುಪಿಎಸ್ ಇಲ್ಲದೆ ಇದನ್ನು ನಡೆಸಬೇಡಿ.