ಸಂಜೆ ಏಳರ ಪ್ರಶ್ನೆ: ಇವತ್ತೇನು ಅಡುಗೆ?

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳ ಅಡುಗೆಯನ್ನು ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯ ಪತ್ರದಲ್ಲಿರುವ ಕಷ್ಟ ಬಹಳಷ್ಟು ಮನೆಗಳದ್ದಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ನನ್ನ ಪತಿ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಮಗಳಿಗೆ 11 ವರ್ಷ, ಮಗನಿಗೆ 6. ಜೊತೆಗಿದ್ದ ಅತ್ತೆಯವರು ಊರಿಗೆ ಮರಳಿದ ಮೇಲೆ ಅಡುಗೆಮನೆ ನನ್ನ ಕೈ ಮೀರಿದೆ. ಒಂದು ಭಾನುವಾರ ಕುಳಿತು ವಾರದ 21 ಹೊತ್ತಿಗೂ ಬೇರೆ ಬೇರೆ ತಿಂಡಿ, ಅಡುಗೆಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬುಧವಾರದ ಹೊತ್ತಿಗೇ ಅದು ನಿಂತುಹೋಯಿತು. ಈಗ ವಾರಕ್ಕೆ ಮೂರು ರಾತ್ರಿ ಹೋಟೆಲಿನಿಂದ ಊಟ ತರಿಸುತ್ತೇವೆ, ಕೊಂಡು ತಂದ ತರಕಾರಿ ಫ್ರಿಜ್ಜಿನಲ್ಲೇ ಕೊಳೆಯುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಶ್ರದ್ಧೆಯಲ್ಲಿ ಏನೂ ಕೊರತೆಯಿಲ್ಲ, ಪಟ್ಟಿ ಮಾಡಿದ ರೀತಿಯಲ್ಲಿ ತೊಡಕಿದೆ. 21 ಹೊತ್ತಿಗೆ 21 ಬಗೆ ಎಂದು ಬರೆದುಕೊಂಡಾಗ ಪ್ರತಿಯೊಂದಕ್ಕೂ ಬೇರೆ ಸಾಮಾನು, ಬೇರೆ ಮಸಾಲೆ, ಬೇರೆ ಸಿದ್ಧತೆ ಬೇಕಾಗುತ್ತದೆ. ಒಂದು ಸಂಜೆ ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ತಡವಾದರೆ ಸಾಕು, ಅಂದಿನ ಅಡುಗೆಯ ಜೊತೆಗೆ ಮರುದಿನದ್ದೂ ಕೈತಪ್ಪುತ್ತದೆ. ನಾನೂ ಕಚೇರಿಯಲ್ಲಿ ದುಡಿಯುತ್ತಲೇ ಎರಡು ಮಕ್ಕಳನ್ನು ಬೆಳೆಸಿದವಳು. ಅಡುಗೆಯ ಹೆಸರು ಬರೆಯುವುದನ್ನು ಬಿಟ್ಟು, ಹಿಟ್ಟು, ಬೇಳೆ, ಕಾಳು, ಪುಡಿ ಎಂಬ ನಾಲ್ಕೇ ಮಾತುಗಳನ್ನು ಬರೆದು, ಯಾವ ದಿನ ಯಾವುದನ್ನು ಸಿದ್ಧ ಮಾಡಬೇಕು ಎಂದು ಗುರುತು ಹಾಕಿಕೊಳ್ಳತೊಡಗಿದ ಮೇಲೆ ನಮ್ಮ ಮನೆಯಲ್ಲಿ ಸಂಜೆಯ ಗೊಂದಲ ಕಡಿಮೆಯಾಯಿತು.

ಹಿಟ್ಟಿನಿಂದ ಆರಂಭಿಸಿ. ಮೂರು ಲೋಟ ಇಡ್ಲಿ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಇಷ್ಟನ್ನು ಭಾನುವಾರ ನೆನೆಹಾಕಿ. ಚಳಿಗಾಲದಲ್ಲಿ ಸಂಜೆ 5ಕ್ಕೇ ರುಬ್ಬಿಟ್ಟರೆ ಸೋಮವಾರ ಬೆಳಗ್ಗೆ ಹೊತ್ತಿಗೆ ಹುದುಗು ಬಂದಿರುತ್ತದೆ; ಬೇಸಿಗೆಯಲ್ಲಿ ರಾತ್ರಿ 9ಕ್ಕೆ ರುಬ್ಬಿದರೂ ಸಾಕು. ಉದ್ದಿನ ಹಿಟ್ಟು ಸರಿಯಾಗಿ ನುರಿದಿದೆಯೇ ಎಂದು ತಿಳಿಯಲು ಒಂದು ಬಟ್ಟಲು ನೀರಿಗೆ ಒಂದು ಹನಿ ಬಿಟ್ಟು ನೋಡಿ, ತೇಲಿದರೆ ಸರಿಯಾಗಿದೆ ಎಂದರ್ಥ. ಸೋಮವಾರ ಬೆಳಗ್ಗೆ ಇಡ್ಲಿಗೆ ಬೇಕಾದಷ್ಟು ತೆಗೆದುಕೊಂಡ ಮೇಲೆ ಉಳಿದ ಹಿಟ್ಟನ್ನು ಒಂದೇ ಪಾತ್ರೆಯಲ್ಲಿಡದೆ ಎರಡು ಡಬ್ಬಿಗಳಿಗೆ ಹಂಚಿ ಫ್ರಿಜ್ಜಿನಲ್ಲಿಡಿ. ಒಂದೇ ಪಾತ್ರೆಯನ್ನು ಮತ್ತೆ ಮತ್ತೆ ಹೊರಗೆ ತೆಗೆದು ಸೌಟು ಹಾಕುತ್ತಿದ್ದರೆ ಹಿಟ್ಟು ಬೇಗ ಹುಳಿಯಾಗುತ್ತದೆ. ಒಂದು ಡಬ್ಬಿ ಬುಧವಾರದ ದೋಸೆಗೆ. ಇನ್ನೊಂದು, ಸ್ವಲ್ಪ ಹುಳಿ ಏರಿದ್ದು, ಗುರುವಾರ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೇರಿಸಿ ಪಡ್ಡಿಗೆ. ಪಡ್ಡು ಆರಿದರೂ ರುಚಿ ಕೆಡುವುದಿಲ್ಲವಾದ್ದರಿಂದ ಮಕ್ಕಳ ಡಬ್ಬಿಗೂ ಅದೇ ಆಗುತ್ತದೆ. ಮಂಗಳವಾರ ಮತ್ತು ಶುಕ್ರವಾರದ ತಿಂಡಿಗೆ ಹುರಿದಿಟ್ಟ ರವೆಯ ಉಪ್ಪಿಟ್ಟೋ ಒಗ್ಗರಣೆ ಅವಲಕ್ಕಿಯೋ ಆಗಲಿ. ಒಂದು ಕಿಲೊ ರವೆಯನ್ನು ತಿಂಗಳಿಗೊಮ್ಮೆ ಹುರಿದು ಡಬ್ಬಿಗೆ ತುಂಬಿಟ್ಟರೆ ಬೆಳಗಿನ ಹೊತ್ತು ಹದಿನೈದು ನಿಮಿಷ ಉಳಿಯುತ್ತದೆ.

ತೊಗರಿಬೇಳೆಯನ್ನು ಭಾನುವಾರ ಸಂಜೆ ಎರಡು ಲೋಟದಷ್ಟು ಅರಿಸಿನ ಹಾಕಿ ಬೇಯಿಸಿ, ಉಪ್ಪು ಹುಳಿ ಸೇರಿಸದೆ ಎರಡು ಪಾಲು ಮಾಡಿಡಿ. ಸೋಮವಾರ ರಾತ್ರಿ ಒಂದು ಪಾಲಿಗೆ ತರಕಾರಿ, ಹುಳಿಪುಡಿ, ಹುಣಸೆರಸ ಸೇರಿದರೆ ಹುಳಿಯಾಯಿತು. ಮಂಗಳವಾರ ಇನ್ನೊಂದಕ್ಕೆ ಟೊಮೆಟೊ, ಸಾರಿನ ಪುಡಿ, ಇಂಗಿನ ಒಗ್ಗರಣೆ ಬಿದ್ದರೆ ಸಾರಾಯಿತು. ಬೇಳೆಯನ್ನು ಅದಕ್ಕಿಂತ ಹೆಚ್ಚು ದಿನ ಇಡಬೇಡಿ. ಮಂಗಳವಾರ ಮಲಗುವ ಮುನ್ನ ಹೆಸರುಕಾಳು ನೆನೆಹಾಕಿ, ಬುಧವಾರ ಬೆಳಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಗುರುವಾರ ಸಂಜೆ ನೀವು ಮನೆಗೆ ಬರುವ ಹೊತ್ತಿಗೆ ಮೊಳಕೆ ಚೆನ್ನಾಗಿ ಬಂದಿರುತ್ತದೆ. ಮೊಳಕೆಕಾಳಿನ ಸಾರಿಗೆ ಮುದ್ದೆಯಿದ್ದರೆ ಬೇರೆ ಪಲ್ಯ ಬೇಕಾಗುವುದಿಲ್ಲ.

ನಡುವಿನ ಬುಧವಾರ ರಾತ್ರಿಗೆ ನಿಮ್ಮ ಸೀಮೆಯ ಬಸ್ಸಾರನ್ನೇ ಹೇಳುತ್ತೇನೆ. ದುಡಿಯುವ ತಾಯಂದಿರಿಗೆ ಇದಕ್ಕಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ. ದಂಟಿನ ಸೊಪ್ಪನ್ನೂ ಬೇಳೆಯನ್ನೂ ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟು ಒಂದು ಕಡೆ, ಸೊಪ್ಪು ಬೇಳೆ ಒಂದು ಕಡೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಸೆಹಣ್ಣಿನ ಜೊತೆ ಬೆಂದ ಸೊಪ್ಪು ಬೇಳೆಯ ಒಂದು ಹಿಡಿಯನ್ನೂ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥಗಳಾಗುತ್ತವೆ, ಬೇಯಿಸಿದ ನೀರೂ ಚೆಲ್ಲಿಹೋಗುವುದಿಲ್ಲ.

ತರಕಾರಿ ಕೊಳೆಯುವುದಕ್ಕೆ ಕಾರಣ ಹೆಚ್ಚಾಗಿ ತರುವ ಕ್ರಮದಲ್ಲಿಲ್ಲ, ಬಳಸುವ ಕ್ರಮದಲ್ಲಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯು ದಿನಕ್ಕೆ 2000 ಕಿಲೊ ಕ್ಯಾಲೊರಿಯ ಆಹಾರದಲ್ಲಿ ಸೊಪ್ಪು ತರಕಾರಿ ಸೇರಿ 400 ಗ್ರಾಂ ಇರಬೇಕೆನ್ನುತ್ತದೆ. ಇಬ್ಬರು ದೊಡ್ಡವರಿಗೇ ವಾರಕ್ಕೆ ಐದೂವರೆ ಕಿಲೊ ದಾಟುತ್ತದೆ, ಮಕ್ಕಳದ್ದು ಅದರ ಮೇಲೆ. ಆದ್ದರಿಂದ ಕಡಿಮೆ ತರುವುದು ಪರಿಹಾರವಲ್ಲ. ಬದನೆ, ಬೆಂಡೆ, ಹುರುಳಿಕಾಯಿಗಳನ್ನು ವಾರದ ಮೊದಲರ್ಧದಲ್ಲಿ ಮುಗಿಸಿ, ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಸಿಹಿಗುಂಬಳಗಳನ್ನು ಕೊನೆಗೆ ಉಳಿಸಿಕೊಳ್ಳಿ. ಸೊಪ್ಪನ್ನು ಮಾತ್ರ ಭಾನುವಾರ ತರಬೇಡಿ. ಬುಧವಾರ ಮನೆಗೆ ಬರುವ ದಾರಿಯಲ್ಲಿ ಎರಡು ಕಟ್ಟು ಕೊಂಡು, ಬಂದ ಕೂಡಲೇ ಹಾಳೆ ಹಾಸಿ ಮಕ್ಕಳ ಮುಂದಿಡಿ. ಹನ್ನೊಂದು ವರ್ಷದ ಹುಡುಗಿ ಹತ್ತು ನಿಮಿಷದಲ್ಲಿ ಒಂದು ಕಟ್ಟು ಸೋಸುತ್ತಾಳೆ. ಆರು ವರ್ಷದವನು ಅರ್ಧ ಎಲೆ ಹರಿದು ಹಾಕಿದರೂ ಸರಿಯೇ, ತಾನು ಬಿಡಿಸಿದ ಸೊಪ್ಪೆಂದು ತಟ್ಟೆಯಲ್ಲಿ ಉಳಿಸುವುದಿಲ್ಲ.

ಶುಕ್ರವಾರ ರಾತ್ರಿಯ ಮುಂದೆ ಏನನ್ನೂ ಬರೆಯಬೇಡಿ. ಆ ರಾತ್ರಿ ಉಳಿದ ತರಕಾರಿಗಳ ಪಲಾವೋ, ಚಟ್ನಿಪುಡಿ ಮೊಸರನ್ನವೋ, ಹೋಟೆಲಿನ ಊಟವೋ ಆಗಲಿ. ವಾರಕ್ಕೊಮ್ಮೆ ಹೊರಗಿನಿಂದ ತರಿಸುವುದು ಲೋಪವೆಂದು ನೀವು ಕೊರಗುವುದು ಬೇಡ.

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಇಬ್ಬರೂ ಶಿಕ್ಷಕರು. ಅಡುಗೆಯಲ್ಲಿ ನೆರವಾಗಲು ನನಗೆ ಮನಸ್ಸಿದೆ. ಆದರೆ ನಾನು ರೊಟ್ಟಿ ಬಡಿಯಲು ಹೋದರೆ ಹರಿಯುತ್ತದೆ, ಕಡೆಗೆ ಅವರೇ ಬಂದು ಮಾಡುತ್ತಾರೆ. ‘ಏನು ಮಾಡಲಿ ಹೇಳು’ ಎಂದು ಕೇಳಿದರೆ ಅವರಿಗೆ ಇನ್ನಷ್ಟು ಸಿಟ್ಟು ಬರುತ್ತದೆ. ಯಾಕೆಂದು ತಿಳಿಯುತ್ತಿಲ್ಲ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೀವು ಇಷ್ಟು ಪ್ರಾಮಾಣಿಕವಾಗಿ ಬರೆದದ್ದು ನನಗೆ ಸಂತೋಷ ತಂದಿದೆ. ‘ಏನು ಮಾಡಲಿ ಹೇಳು’ ಎಂದಾಗ ಯೋಚಿಸುವ ಕೆಲಸ ಅವರ ಬಳಿಯೇ ಉಳಿಯುತ್ತದೆ, ನಿಮ್ಮ ಪಾಲಿಗೆ ಕೈಕೆಲಸ ಮಾತ್ರ ಬರುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗುವ ಪುರುಷರು ಕೊಟ್ಟದ್ದು 97 ನಿಮಿಷ. ಎಣ್ಣೆ ಎಷ್ಟು ಉಳಿದಿದೆ, ನಾಳೆಗೆ ಕಾಳು ನೆನೆಹಾಕಿದೆಯೇ, ಮಗುವಿನ ಡಬ್ಬಿಗೆ ಏನು ಎಂದು ಪಾಠ ಮಾಡುತ್ತಿರುವಾಗಲೂ ತಲೆಯಲ್ಲಿ ಓಡುತ್ತಿರುವ ಲೆಕ್ಕ ಇಂಥ ನಿಮಿಷಗಳಲ್ಲಿ ಸೇರುವುದಿಲ್ಲ. ನಿಮ್ಮ ಪತ್ನಿಯವರನ್ನು ದಣಿಸುತ್ತಿರುವುದು ಆ ಲೆಕ್ಕವೇ ಎಂದು ನನಗನ್ನಿಸುತ್ತದೆ.

ಆದ್ದರಿಂದ ರೊಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಕಡೆ ಕಟಕ್ ರೊಟ್ಟಿ ಕೊಳ್ಳಲು ಸಿಗುತ್ತದೆ, ಒಣಗಿದ ಡಬ್ಬಿಯಲ್ಲಿ ಹಲವು ದಿನ ಉಳಿಯುತ್ತದೆ. ಅದನ್ನು ತಂದಿಟ್ಟುಕೊಂಡರೆ ವಾರದಲ್ಲಿ ಎರಡು ರಾತ್ರಿ ಬಡಿಯುವ ಕೆಲಸವೇ ಇರುವುದಿಲ್ಲ. ಅದರ ಬದಲು ಎರಡು ರಾತ್ರಿಗಳನ್ನು, ಮಂಗಳವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿ, ಪೂರ್ತಿಯಾಗಿ ನಿಮ್ಮದಾಗಿ ಮಾಡಿಕೊಳ್ಳಿ. ಏನು ಮಾಡುವುದೆಂದು ನಿರ್ಧರಿಸುವುದು, ಅದಕ್ಕೆ ಬೇಕಾದ್ದು ಮನೆಯಲ್ಲಿದೆಯೇ ಎಂದು ಹಿಂದಿನ ದಿನವೇ ನೋಡುವುದು, ಮಾಡುವುದು, ಬಡಿಸುವುದು, ಒಲೆ ಒರೆಸಿ ಪಾತ್ರೆ ತೊಳೆದಿಡುವುದು, ಇಷ್ಟೂ ಸೇರಿ ಒಂದು ಕೆಲಸ. ಹೆಸರುಬೇಳೆ ಮೆಂತ್ಯಸೊಪ್ಪಿನ ಪಲ್ಯ, ಜುಣಕ, ಮಡಕೆಕಾಳಿನ ಉಸುಳಿ ಯಾವುದೂ ಕಷ್ಟದವಲ್ಲ. ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ ತಿಂಗಳಿಗೊಮ್ಮೆ ಮಾಡಿಡುವ ಹೊಣೆಯೂ ನಿಮ್ಮದಿರಲಿ. ಮೊದಲ ಒಂದೆರಡು ವಾರ ಉಪ್ಪು ಹೆಚ್ಚು ಕಡಿಮೆಯಾದೀತು, ಆಗ ಅವರು ಅಡುಗೆಮನೆಗೆ ಬಂದು ಕೈಹಾಕಬಾರದೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಿ.

ಪ್ರಶ್ನೆ: ನಮ್ಮಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಇಲ್ಲದೆ ಊಟವಾಗುವುದಿಲ್ಲ. ಎರಡಕ್ಕೂ ಹೊತ್ತು ಹಿಡಿಯುತ್ತದೆ. ಕಚೇರಿಯಿಂದ ಬಂದು ಮೀನು ಸ್ವಚ್ಛ ಮಾಡುವುದು ಆಗುತ್ತಿಲ್ಲ.
– ಓದುಗರೊಬ್ಬರು, ಮಂಗಳೂರು

ಉತ್ತರ: ಕುಚ್ಚಲಕ್ಕಿಯನ್ನು ಬೆಳಗ್ಗೆ ತಿಂಡಿಯ ಜೊತೆಗೇ ಪಕ್ಕದ ಒಲೆಯಲ್ಲಿ ಕುದಿ ಬರಿಸಿ, ಶಾಖ ಹಿಡಿದಿಡುವ ಥರ್ಮಲ್ ಕುಕ್ಕರಿನಲ್ಲಿಟ್ಟರೆ ನೀವು ಹೊರಡುವಷ್ಟರಲ್ಲಿ ತಾನಾಗಿ ಬೆಂದಿರುತ್ತದೆ, ಮಧ್ಯಾಹ್ನದ ಬುತ್ತಿಗೆ ಅದೇ. ರಾತ್ರಿಗೆ ಬೇರೆಯಾಗಿ ಮಾಡಿ. ಬಂಗುಡೆ, ಬೂತಾಯಿಗಳನ್ನು ರಜೆಯ ದಿನ ಮಾರುವವರ ಬಳಿಯೇ ಸ್ವಚ್ಛ ಮಾಡಿಸಿ ತಂದು, ತೊಳೆದು, ಒಂದೊಂದು ಹೊತ್ತಿಗೆ ಬೇಕಾದಷ್ಟನ್ನು ಬೇರೆ ಬೇರೆ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ. ಬೇಕಾದ ಡಬ್ಬಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ, ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಮೀನು ದುಬಾರಿ. ಆ ಎರಡು ತಿಂಗಳು ಒಣಮೀನಿನ ಚಟ್ನಿ, ಸೌತೆಕಾಯಿ ಹುಳಿ, ಹುರುಳಿ ಸಾರುಗಳಿಗೆ ವಾರದ ಪಟ್ಟಿಯಲ್ಲಿ ಹೆಚ್ಚು ಜಾಗ ಕೊಡಿ.

ಪ್ರಶ್ನೆ: ಭಾನುವಾರ ಮಾಡಿಟ್ಟು ಮಂಗಳವಾರ ಬಿಸಿ ಮಾಡಿ ಬಡಿಸಿದರೆ ನಮ್ಮ ಅತ್ತೆಯವರು ‘ತಂಗಳು ತಿನ್ನಿಸಿ ಮಕ್ಕಳ ಆರೋಗ್ಯ ಕೆಡಿಸುತ್ತೀಯಾ’ ಎನ್ನುತ್ತಾರೆ. ನಿಜವಾಗಿಯೂ ಕೆಡುಕಾಗುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅತ್ತೆಯವರ ಆತಂಕವನ್ನು ತಳ್ಳಿಹಾಕಬೇಡಿ. ಫ್ರಿಜ್ ಇಲ್ಲದ ಕಾಲದಲ್ಲಿ ಅದು ಮಕ್ಕಳನ್ನು ಕಾಪಾಡಿದ ವಿವೇಕ, ಇಂದಿಗೂ ಅದರಲ್ಲಿ ಸತ್ಯವಿದೆ. ಅಡುಗೆ ಎಷ್ಟು ಹಳೆಯದು ಎಂಬುದರ ಜೊತೆಗೆ, ಮಾಡಿದ ಮೇಲೆ ಎಷ್ಟು ಹೊತ್ತು ಹೊರಗಿತ್ತು ಎಂಬುದನ್ನೂ ನೋಡಬೇಕು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿಡಬೇಕು, ಮತ್ತೆ ಬಿಸಿ ಮಾಡುವಾಗ ಒಳಗೆಲ್ಲ 70 ಡಿಗ್ರಿ ದಾಟಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು ಹುಳಿಗಳ ಮಟ್ಟಿಗೆ ಚೆನ್ನಾಗಿ ಕುದಿಸಿದರೆ ಸಾಕು.

ಅನ್ನದ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಬೆಂದರೂ ಉಳಿದುಕೊಳ್ಳುತ್ತವೆ, ಅನ್ನ ಬೆಚ್ಚಗೆ ಹೊರಗೇ ಇದ್ದರೆ ಬೆಳೆದು ವಿಷವನ್ನು ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಮರುದಿನವೇ ಚಿತ್ರಾನ್ನ ಮಾಡಿ ಮುಗಿಸಿ. ಕಾಯಿ ರುಬ್ಬಿ ಹಾಕಿದ ಕೂಟು, ಗೊಜ್ಜು, ಚಟ್ನಿಗಳನ್ನು ಅಂದಂದೇ ಮಾಡಿ ಅಂದೇ ಮುಗಿಸುವುದು ಒಳ್ಳೆಯದು. ಬೇಯಿಸಿದ ಬೇಳೆ, ಕಾಳು, ಪುಳಿಯೋಗರೆ ಗೊಜ್ಜು, ತುರಿದು ಫ್ರೀಜರಿನಲ್ಲಿಟ್ಟ ಕಾಯಿ, ಇವುಗಳನ್ನು ಮಾತ್ರ ಮುಂಚಿತವಾಗಿ ಸಿದ್ಧ ಮಾಡಿಟ್ಟುಕೊಂಡು, ಒಗ್ಗರಣೆಯನ್ನೂ ಅನ್ನವನ್ನೂ ಅಂದಂದಿನ ಸಂಜೆಗೆ ಬಿಡಿ. ಅತ್ತೆಯವರು ಮನೆಯಲ್ಲಿದ್ದರೆ ಡಬ್ಬಿಗಳ ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ ಅವರಿಗೇ ತೋರಿಸಿ, ಯಾವುದು ಯಾವ ದಿನ ಮುಗಿಯಬೇಕೆಂದು ನೋಡಿಕೊಳ್ಳುವ ಜವಾಬ್ದಾರಿಯನ್ನು ಅವರಿಗೇ ವಹಿಸಿ. ಮಂಗಳವಾರ ಸಂಜೆ ಆ ಬೇಳೆಗೆ ಇಂಗು, ಕರಿಬೇವಿನ ಒಗ್ಗರಣೆ ಬಿದ್ದ ಕೂಡಲೇ ಮೊದಲ ಸೌಟು ಸಾರನ್ನು ಅವರ ತಟ್ಟೆಗೇ ಬಡಿಸಿ.