2013ರ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಕಾ, ರಿಪೇರಿ ಮಾಡಿಸಬಹುದಾ?

ಗುಬ್ಬಿಯಿಂದ ಕೇಳಿದ್ದೀರಿ. 2013ರಲ್ಲಿ ಕೊಂಡ ಲ್ಯಾಪ್‌ಟಾಪ್, ಮೂರನೇ ತಲೆಮಾರಿನ ಐ5, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಆಗೋಕೆ ಐದು ನಿಮಿಷ, ಆಫ್ ಮಾಡಿದಾಗೆಲ್ಲ ತಾರೀಕು ಹಿಂದಕ್ಕೆ ಹೋಗುತ್ತದೆ, ಫ್ಯಾನ್ ಗುಂಯ್ ಅನ್ನುತ್ತದೆ. ಅಂಗಡಿಯವರು "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದಿದ್ದಾರೆ. ಬಿಕಾಂ ಸೇರಿರುವ ಮಗಳಿಗೆ ಇದನ್ನೇ ಸರಿ ಮಾಡಿಸಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ಮಾಡಿಸಬಹುದು ಮೇಡಂ. ಬೋರ್ಡ್ ಹೋದ ಲ್ಯಾಪ್‌ಟಾಪ್ ಐದು ನಿಮಿಷಕ್ಕಲ್ಲ, ಐದು ದಿನಕ್ಕೂ ಆನ್ ಆಗುವುದು ಕಷ್ಟ.

ನಾನು ರಿಪೇರಿಯವನಲ್ಲ. ತುಮಕೂರಿನಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ. ನಿಮ್ಮದರ ವಾರಗೆಯದೇ ಒಂದು ಲ್ಯಾಪ್‌ಟಾಪ್ ಇವತ್ತಿಗೂ ನನ್ನ ಟೇಬಲ್ ಮೇಲೆ ದುಡಿಯುತ್ತಿದೆ.

ಮೊದಲು ತಾರೀಕಿನ ವಿಷಯ. ಬೋರ್ಡ್ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿಆರ್ 2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದು. ಹತ್ತು ವರ್ಷ ದಾಟಿದ ಮೇಲೆ ಸತ್ತಿರುತ್ತದೆ. ತಾರೀಕು ತಪ್ಪಿದರೆ ಬ್ಯಾಂಕಿನ ವೆಬ್‌ಸೈಟೂ ತೆರೆಯುವುದಿಲ್ಲ, ಭದ್ರತೆ ಸರಿಯಿಲ್ಲ ಅಂತ ಬೈಯುತ್ತದೆ. ಜನ ಅದನ್ನು ವೈರಸ್ ಅಂದುಕೊಳ್ಳುತ್ತಾರೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಸೆಲ್ ಪ್ಲಾಸ್ಟಿಕ್ ಸುತ್ತಿಕೊಂಡು ಎರಡು ವೈರ್ ಜೊತೆ ಬರುತ್ತದೆ. ಹಳೆಯದನ್ನು ತೋರಿಸಿ ಅಂಥದ್ದೇ ಕೇಳಿ.

ಇನ್ನು ಐದು ನಿಮಿಷದ ಕಥೆ. ಅದು ಹಾರ್ಡ್ ಡಿಸ್ಕಿನದು. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್, ಅಂದರೆ ಸೆಕೆಂಡಿಗೆ 90 ಸುತ್ತು. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಸಣ್ಣ ಫೈಲ್ ಕೇಳುತ್ತದೆ. ಒಂದೊಂದಕ್ಕೂ ಮುಳ್ಳು ಅಲ್ಲಿಂದ ಇಲ್ಲಿಗೆ ಓಡಿ, ಡಿಸ್ಕ್ ತಿರುಗಿ ಬರುವವರೆಗೆ ಕಾಯಬೇಕು. ಹಾರ್ಡ್ ಡಿಸ್ಕ್ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ಫೈಲೆಲ್ಲ ಚಿಪ್ಪಿನಲ್ಲೇ ಇರುತ್ತದೆ, ತಿರುಗುವುದೇ ಏನೂ ಇಲ್ಲ. ನಾನು 2023ರಲ್ಲಿ 240 ಜಿಬಿಯದನ್ನು ಸುಮಾರು 1,500 ರೂಪಾಯಿಗೆ ತಂದು ಹಾಕಿದೆ. ಮಾರನೆಯ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಸ್ವಿಚ್ ಒತ್ತಿ ಟೀ ಕುಡಿಯೋಕೆ ಹೊರಟೆ. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತಾ ಕೂತಿತ್ತು.

ನೀವು ಇದೊಂದನ್ನೇ ಮಾಡಿಸಿ, ಒಂದು ವಾರ ಬಳಸಿ ನೋಡಿ. ಆಮೇಲೂ ಸಾಲದು ಅನ್ನಿಸಿದರೆ ಮಾತ್ರ ಮುಂದಿನ ಖರ್ಚು. ಕೊಳ್ಳುವಾಗ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಅಂತಲೇ ಕೇಳಿ. ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎಂ.2 ನಿಮ್ಮದಕ್ಕೆ ಕೂರುವುದಿಲ್ಲ. ಹಳೆಯ ಡಿಸ್ಕ್ ತೆಗೆಯುವ ಮೊದಲು ಫೋಟೋಗಳನ್ನೆಲ್ಲ ಬೇರೆ ಕಡೆ ಇಟ್ಟುಕೊಳ್ಳಿ.

ರ‍್ಯಾಮ್ ವಿಚಾರದಲ್ಲಿ ನಾನು ಬೇಸ್ತು ಬಿದ್ದವನು. 4 ಇದ್ದದ್ದನ್ನು 8 ಜಿಬಿ ಮಾಡಿಸಿಕೊಂಡು ಬಂದೆ. ಎಲ್ಲ ಮೊದಲಿನ ಹಾಗೇ. ಎರಡು ತಿಂಗಳು ಅಂಗಡಿಯವರನ್ನು ಮನಸ್ಸಿನಲ್ಲೇ ಬೈದೆ. ಆಮೇಲೆ ನೋಡಿದರೆ ನನ್ನದರಲ್ಲಿದ್ದದ್ದು 32 ಬಿಟ್ ವಿಂಡೋಸ್. ಎಷ್ಟೇ ರ‍್ಯಾಮ್ ಹಾಕಿದರೂ ಅದು 4 ಜಿಬಿ ಮೇಲೆ ಕಣ್ಣೆತ್ತಿ ನೋಡುವುದಿಲ್ಲ. ತಪ್ಪು ರ‍್ಯಾಮಿನದಲ್ಲ, ಅಂಗಡಿಯವರದೂ ಅಲ್ಲ. ನೀವು 64 ಬಿಟ್ ಹಾಕಿಸಿ. ರ‍್ಯಾಮ್ ಚೀಟಿಯ ಮೇಲೆ ಪಿಸಿ3ಎಲ್ ಅಂತ ಇದ್ದರೆ ಒಳ್ಳೆಯದು. ಆ ಎಲ್ ಅಂದರೆ 1.35 ವೋಲ್ಟ್‌ನಲ್ಲೂ ನಡೆಯುತ್ತದೆ, ಹಳೆಯ 1.5 ವೋಲ್ಟ್‌ನಲ್ಲೂ ನಡೆಯುತ್ತದೆ. ಆಮೇಲಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಕೊಟ್ಟರೆ ವಾಪಸ್ ಮಾಡಿ, ಅದರ ಅಂಚಿನ ಕಚ್ಚೇ ಬೇರೆ ಕಡೆ ಇರುತ್ತದೆ, ನಿಮ್ಮದಕ್ಕೆ ಕೂರುವುದಿಲ್ಲ.

ಫ್ಯಾನ್ ಸದ್ದಿಗೆ ಕಾರಣ ಧೂಳು. ನನ್ನದನ್ನು ಬಿಚ್ಚಿದಾಗ ಫ್ಯಾನ್‌ಗೂ ತಾಮ್ರದ ಜಾಲರಿಗೂ ನಡುವೆ ಬೂದು ಬಣ್ಣದ ಪಟ್ಟಿಯೊಂದು ಸಿಕ್ಕಿತು. ಚಿಮ್ಮಟದಲ್ಲಿ ಹಿಡಿದು ಎಳೆದರೆ ಕಂಬಳಿ ತುಂಡಿನ ಹಾಗೆ ಇಡಿಯಾಗಿ ಬಂತು. ಬಿ.ಎಚ್. ರಸ್ತೆಯ ಧೂಳು, ಕಾಗದದ ನಾರು, ನನ್ನ ಹೆಂಡತಿಯದೊಂದು ಉದ್ದ ಕೂದಲು. ಪ್ರೊಸೆಸರ್ ಮೇಲೆ ಶಾಖ ದಾಟಿಸೋಕೆ ಹಚ್ಚುವ ಪೇಸ್ಟ್ ಒಣಗಿ ಹಳೆ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಶಾಖ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ನಿಧಾನವಾಗುತ್ತದೆ. ಹೊಸ ಪೇಸ್ಟ್ ಅಕ್ಕಿ ಕಾಳಿನಷ್ಟು ಸಾಕು, ಮಸಾಲೆ ದೋಸೆಗೆ ಚಟ್ನಿ ಬಳಿದ ಹಾಗೆ ಬಳಿಯಬೇಡಿ. ಮನೆಯಲ್ಲೇ ಬಿಚ್ಚುವುದಾದರೆ ಮೊದಲು ಬ್ಯಾಟರಿ ತೆಗೆಯಿರಿ. ತಿರುಪುಗಳ ಉದ್ದ ಒಂದೇ ಇರುವುದಿಲ್ಲ, ಬಿಚ್ಚಿದ ಕ್ರಮದಲ್ಲಿ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕಿಕೊಂಡು ಹೋಗಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯದಲ್ಲ, ಗುಳಿ ಇರೋದು!

ಈಗ ನಿಮ್ಮ ಅಂಗಡಿಯವರು ಹೇಳಬೇಕಾಗಿದ್ದ, ಹೇಳದೆ ಬಿಟ್ಟ ವಿಷಯ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್ ಬರುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು, ನಿಮ್ಮದು ಮೂರನೆಯದು. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಅನ್ನುವವರಿದ್ದಾರೆ, ನಾನಂತೂ ಹಾಕಿಸಲ್ಲ. ವಿಂಡೋಸ್ ಜಾಗದಲ್ಲಿ ಕೆಲಸ ಮಾಡುವ ಲಿನಕ್ಸ್ ಮಿಂಟ್ ಹಾಕಿ. ದುಡ್ಡಿಲ್ಲ, ಹಗುರ, ನೋಡೋಕೆ ಹಳೆಯ ವಿಂಡೋಸ್ ತರಹವೇ. ಕನ್ನಡಕ್ಕೆ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಇದೆ, ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕಷ್ಟವಾಗಲ್ಲ.

ಆದರೆ ಬಿಕಾಂ ಅಂದಿರಲ್ಲ, ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬಂದೇ ಬರುತ್ತದೆ. ಟ್ಯಾಲಿ ವಿಂಡೋಸಿನದು, ಮಿಂಟ್‌ನಲ್ಲಿ ನೇರವಾಗಿ ಓಡುವುದಿಲ್ಲ. ಹಾಗಾಗಿ ಎಸ್‌ಎಸ್‌ಡಿಯಲ್ಲಿ ಎರಡೂ ಇರಲಿ. ಇಂಟರ್ನೆಟ್, ನೋಟ್ಸು, ಬ್ಯಾಂಕು ಮಿಂಟ್‌ನಲ್ಲಿ. ಟ್ಯಾಲಿ ಕಲಿಯೋದು ವಿಂಡೋಸ್ 10ರಲ್ಲಿ, ಆದಷ್ಟೂ ನೆಟ್ ಇಲ್ಲದೆ. ನಾನೂ ಹೀಗೇ ಮಾಡಿಕೊಂಡಿದ್ದೇನೆ, ಯಾಕಂದರೆ ನನ್ನ ಪ್ರೆಸ್‌ನವರು ಇನ್ನೂ ಹಳೆಯ ಆಸ್ಕಿ ಫಾಂಟ್‌ನಲ್ಲೇ ಫೈಲ್ ಕೇಳುತ್ತಾರೆ. ಈಗ ಫೋನು, ನೆಟ್‌ನಲ್ಲೆಲ್ಲ ಇರುವ ಯೂನಿಕೋಡ್ ಕನ್ನಡದಲ್ಲಿ ಕೊಟ್ಟರೆ ಒತ್ತಕ್ಷರ ಚೆಲ್ಲಾಪಿಲ್ಲಿ ಮಾಡಿ ವಾಪಸ್ ಕಳಿಸುತ್ತಾರೆ. ಅದು ಬಿಡಿ, ಬೇರೆ ರಾಮಾಯಣ.

ಬ್ಯಾಟರಿ ಕೊನೆಗೆ. ಮನೆಯಲ್ಲಿ ಯುಪಿಎಸ್ ಇದ್ದರೆ ಸದ್ಯಕ್ಕೆ ಹೊಸದು ಬೇಡವೇ ಬೇಡ. ಹಳೆಯದು ಉಬ್ಬಿದ್ದರೆ ಮಾತ್ರ ಇವತ್ತೇ ತೆಗೆದಿಡಿ, ಚುಚ್ಚಬೇಡಿ, ಮಕ್ಕಳ ಕೈಗೆ ಸಿಗದಿರಲಿ.

ಪರದೆ ಒಡೆದಿದೆ, ಹಿಂಜ್ ಕಿತ್ತಿದೆ, ನೀರು ಬಿದ್ದಿದೆ ಅಂದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ನೀವು ಹೇಳಿದ್ದರಲ್ಲಿ ಅದ್ಯಾವುದೂ ಇಲ್ಲ. ಬಿಡಿಭಾಗ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ. ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು, ಆದರೆ ಹಳೆಯ ರ‍್ಯಾಮನ್ನು ಜೊತೆಗೇ ಒಯ್ಯಿರಿ. ಸುಮ್ನೆ ಬಾಯಲ್ಲಿ ಹೇಳಿದರೆ ಅವರು ಕೊಟ್ಟಿದ್ದೇ ಸರಿ ಅನ್ನಿಸಿಬಿಡುತ್ತದೆ. ಲ್ಯಾಪ್‌ಟಾಪ್ ತಿರುಗಿಸಿದರೆ ಕೆಳಗಿನ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನಿಲ್ಲಿ ಬರೆದು ಹಾಕಿ, ರ‍್ಯಾಮಿಗೆ ಎಷ್ಟು ಸ್ಲಾಟ್ ಇದೆ ಅಂತ ನೋಡಿ ಹೇಳುತ್ತೇನೆ.