ಎತ್ತರ ಒಂದೇ ಇದ್ದರೂ ಅಲೆ ಒಂದೇ ಅಲ್ಲ

ಎರಡೂ ದಿನ ಮುನ್ಸೂಚನೆಯಲ್ಲಿ 1.5 ಮೀಟರ್ ಅಲೆ ಅಂತಲೇ ಇತ್ತು, ಮರುದಿನ ಮಾತ್ರ ಅದೇ ಬಂಡೆಸಾಲಿನಲ್ಲಿ ಅಲೆ ಎರಡು ಪಟ್ಟು ಕಂಡಿತು, ಯಾಕೆ ಅಂತ ಕೇಳಿದ್ದೀರಿ. ಉತ್ತರ ನೀವೇ ಕೊಟ್ಟ ಅಂಕಿಯಲ್ಲಿದೆ: ಮೊದಲ ದಿನ ಅಲೆಗಳ ನಡುವಿನ ಅಂತರ 8 ಸೆಕೆಂಡ್, ಮರುದಿನ 14.

ಆಳ ಸಮುದ್ರದಲ್ಲಿ 8 ಸೆಕೆಂಡಿನ ಅಲೆಯ ಉದ್ದ (ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಇರುವ ದೂರ) ಸುಮಾರು 100 ಮೀಟರ್, 14 ಸೆಕೆಂಡಿನದ್ದು 300 ಮೀಟರ್ ಆಸುಪಾಸು. ನೀರಿನ ಆಳ ಈ ಉದ್ದದ ಅರ್ಧಕ್ಕೆ ಇಳಿದಾಗಲೇ ಅಲೆಗೆ ತಳ ತಾಕಲು ಶುರು. ಹಾಗಾಗಿ ಉದ್ದದ ಅಲೆ ತುಂಬಾ ದೂರದಿಂದಲೇ ಬಾಗುತ್ತಾ ಬಂಡೆಯತ್ತ ಶಕ್ತಿ ಕೂಡಿಸಿಕೊಂಡು ಬಂದು, ಅಲ್ಲಿ ಒಮ್ಮೆಲೇ ಎದ್ದು ನಿಲ್ಲುತ್ತದೆ. ಯಾವ ಮರೆಯೂ ಇಲ್ಲದ ಕಡೆ ಇದು ಇನ್ನೂ ಜೋರು.

ಗಾಳಿ ದಡದಿಂದ ಸಮುದ್ರದ ಕಡೆ ಬೀಸುತ್ತಿದ್ದರೆ ಅಲೆಯ ಮುಖ ನಯವಾಗಿರುತ್ತದೆ, ಆದರೆ ಅದನ್ನೇ ನಂಬಿ ನೀರಿಗೆ ಇಳಿಯಬೇಡಿ. ಸಮುದ್ರದ ಇಳಿತದ ಹೊತ್ತಿನಲ್ಲಿ ಬಂಡೆಯ ಮೇಲೆ ಮೊಣಕಾಲುದ್ದ ನೀರೂ ಇರದಿರಬಹುದು. ಬಿದ್ದರೆ ತಲೆಗೇ ಪೆಟ್ಟು. ದಯವಿಟ್ಟು ಅರ್ಧ ಗಂಟೆ ದಡದಲ್ಲೇ ನಿಂತು ನೋಡಿ. ಅಂತರ ಹೆಚ್ಚಿದ್ದಾಗ ದೊಡ್ಡ ಅಲೆಗಳ ಗುಂಪು ಬಹಳ ಹೊತ್ತು ಬಿಟ್ಟು ಬರುತ್ತದೆ, ನಡುವೆ ಸಮುದ್ರ ಶಾಂತವಾಗಿದ್ದಂತೆ ಕಾಣುತ್ತದೆ.